ಐರಿಷ್ ಕೊಳಲು ಮತ್ತು ಟಿನ್ ವಿಸಲ್

ಐರಿಷ್ ಕೊಳಲು ಮತ್ತು ಟಿನ್ ವಿಸಲ್ ಐರ್ಲೆಂಡಿನ ಸಾಂಪ್ರದಾಯಿಕ ಸಂಗೀತದಲ್ಲಿ ಬಳಕೆಯಲ್ಲಿರುವ ಎರಡು ಪ್ರಮುಖ ಸುಷಿರ ವಾದ್ಯಗಳು. ಐರಿಷ್ ಕೊಳಲನ್ನು ಗಟ್ಟಿಮರದಿಂದ ಮಾಡಲಾಗುತ್ತದೆ ಮತ್ತು ಅಡ್ಡಲಾಗಿ ಹಿಡಿದು ನುಡಿಸಲಾಗುತ್ತದೆ. ಟಿನ್ ವಿಸಲ್ ತಗಡು ಅಥವಾ ಹಿತ್ತಾಳೆಯ ಕೊಳವೆಯಿಂದ ಮಾಡಿದ ಪುಟ್ಟ ವಾದ್ಯ. ಇದನ್ನು ನೇರವಾಗಿ ಹಿಡಿದು ಮೇಲಿನ ತುದಿಯಿಂದ ಊದುತ್ತಾರೆ. ಎರಡರಲ್ಲೂ ಆರು ಬೆರಳ ರಂಧ್ರಗಳಿದ್ದು, ಬೆರಳಿಡುವ ಕ್ರಮ ಬಹುಮಟ್ಟಿಗೆ ಒಂದೇ ಆಗಿದೆ. ಐರಿಷ್ ಭಾಷೆಯಲ್ಲಿ ವಿಸಲ್‌ಗೆ ‘ಫ್ಯಾಡೋಗ್’ ಎಂದು ಹೆಸರು; ಕೊಳಲಿಗೆ ‘ದೊಡ್ಡ ಫ್ಯಾಡೋಗ್’ ಎಂಬ ಅರ್ಥದ ಹೆಸರಿದೆ.

ಹೆಸರಿನಲ್ಲಿ ‘ಐರಿಷ್’ ಎಂದಿದ್ದರೂ ಈ ಕೊಳಲು ರೂಪುಗೊಂಡದ್ದು ಮುಖ್ಯವಾಗಿ 19ನೆಯ ಶತಮಾನದ ಲಂಡನ್ನಿನ ಕಾರ್ಯಾಗಾರಗಳಲ್ಲಿ. ವಾದ್ಯವೃಂದಗಳು ಹೊಸ ಮಾದರಿಯ ಕೊಳಲನ್ನು ಸ್ವೀಕರಿಸಿದ ಮೇಲೆ ಮೂಲೆ ಸೇರಿದ ಹಳೆಯ ಮರದ ಕೊಳಲುಗಳು ಜಾನಪದ ವಾದಕರ ಕೈಸೇರಿದವು. ಅವುಗಳನ್ನು ದುರಸ್ತಿ ಮಾಡುತ್ತ, ಅಳೆಯುತ್ತ, ಅನುಕರಿಸುತ್ತ ಇಂದಿನ ಹೊಸ ಕೊಳಲುಗಳ ತಯಾರಿಕೆ ಬೆಳೆಯಿತು. ಆದುದರಿಂದ ಈ ವಾದ್ಯದ ವಿಷಯದಲ್ಲಿ ದುರಸ್ತಿ, ತಯಾರಿಕೆ ಮತ್ತು ವಾದನ ಒಂದರೊಡನೊಂದು ಹೆಣೆದುಕೊಂಡಿವೆ.

ಇತಿಹಾಸ

19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಕೊಳಲುವಾದಕ ಚಾರ್ಲ್ಸ್ ನಿಕೋಲ್ಸನ್ (1795–1837) ದೊಡ್ಡ ರಂಧ್ರಗಳುಳ್ಳ ಕೊಳಲನ್ನು ನುಡಿಸುತ್ತಿದ್ದನು. ದೊಡ್ಡ ರಂಧ್ರಗಳಿಂದ ನಾದ ತುಂಬಿಬರುತ್ತಿತ್ತು. ಈ ಮಾದರಿ ಜನಪ್ರಿಯವಾಗಿ, ರೂಡಲ್ ಮತ್ತು ರೋಸ್ ಮುಂತಾದ ಲಂಡನ್ನಿನ ತಯಾರಕರು ಎಂಟು ಕೀಗಳವರೆಗಿನ ಉತ್ತಮ ಕೊಳಲುಗಳನ್ನು ಮಾಡತೊಡಗಿದರು. ವಾದಕ ರಾಬರ್ಟ್ ಸಿಡ್ನಿ ಪ್ರಾಟನ್ (1824–1868) ರೂಪಿಸಿದ, ಇನ್ನೂ ಅಗಲವಾದ ಒಳನಾಳದ ‘ಪ್ರಾಟನ್’ ಮಾದರಿಯೂ ಹೆಸರಾಯಿತು. ಇಂದಿನ ಐರಿಷ್ ಕೊಳಲುಗಳಲ್ಲಿ ಹೆಚ್ಚಿನವು ಈ ಎರಡು ಮಾದರಿಗಳಲ್ಲಿ ಒಂದನ್ನು ಅನುಸರಿಸುತ್ತವೆ.

ಜರ್ಮನಿಯ ಥಿಯೋಬಾಲ್ಡ್ ಬೋಮ್ (1794–1881) 1831ರಲ್ಲಿ ಲಂಡನ್ನಿನಲ್ಲಿ ನಿಕೋಲ್ಸನ್ನನ ವಾದನವನ್ನು ಕೇಳಿದನು. ಆ ನಾದದ ಪ್ರಭಾವದಿಂದ ಕೊಳಲನ್ನೇ ಹೊಸದಾಗಿ ವಿನ್ಯಾಸ ಮಾಡಲು ತೊಡಗಿ, 1832ರಲ್ಲಿ ಒಂದು ಮಾದರಿಯನ್ನೂ 1847ರಲ್ಲಿ ಸಮವ್ಯಾಸದ ಒಳನಾಳವುಳ್ಳ ಮತ್ತೊಂದು ಮಾದರಿಯನ್ನೂ ಸಿದ್ಧಪಡಿಸಿದನು. ಇಂದಿನ ಪಾಶ್ಚಾತ್ಯ ವಾದ್ಯವೃಂದದ ಬೆಳ್ಳಿಯ ಕೊಳಲು 1847ರ ಮಾದರಿಯ ಸಂತತಿ. ಇದರ ರಂಧ್ರಗಳನ್ನು ಲೋಹದ ಮುಚ್ಚಳಗಳು ಮುಚ್ಚುತ್ತವೆ. ವೃತ್ತಿಪರ ವಾದಕರು ಕ್ರಮೇಣ ಈ ಕೊಳಲಿಗೆ ಬದಲಾದಂತೆ ಹಳೆಯ ಮರದ ಕೊಳಲುಗಳು ಕಡಿಮೆ ಬೆಲೆಗೆ ದೊರೆಯತೊಡಗಿದವು. ಜರ್ಮನಿಯ ಕಾರ್ಖಾನೆಗಳಲ್ಲಿ ತಯಾರಾದ ಅಗ್ಗದ ಮರದ ಕೊಳಲುಗಳೂ ಮಾರುಕಟ್ಟೆಗೆ ಬಂದವು. ಇವು ಐರ್ಲೆಂಡಿನ ಹಳ್ಳಿಗಳನ್ನು ತಲುಪಿ, ವಿಶೇಷವಾಗಿ ಸ್ಲೈಗೊ, ರಾಸ್‌ಕಾಮನ್, ಲೀಟ್ರಿಮ್ ಮತ್ತು ಪೂರ್ವ ಗಾಲ್ವೇ ಪ್ರದೇಶಗಳಲ್ಲಿ ಬಲವಾದ ವಾದನ ಪರಂಪರೆಗೆ ಕಾರಣವಾದವು.

ತುದಿಯಿಂದ ಊದುವ ವಿಸಲ್‌ಗಳ ಇತಿಹಾಸ ಇದಕ್ಕಿಂತ ಹಳೆಯದು. ಡಬ್ಲಿನ್ ನಗರದ ಉತ್ಖನನಗಳಲ್ಲಿ ಮೂಳೆಯಿಂದ ಮಾಡಿದ ಮಧ್ಯಯುಗದ ವಿಸಲ್‌ಗಳು ದೊರೆತಿವೆ. ಇಂದಿನ ಟಿನ್ ವಿಸಲ್‌ನ ಇತಿಹಾಸ ಮಾತ್ರ ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್‌ನಿಂದ ಆರಂಭವಾಗುತ್ತದೆ. ಅವನು 1843ರಲ್ಲಿ ತವರ ಲೇಪಿಸಿದ ತಗಡನ್ನು ಸುರುಳಿ ಸುತ್ತಿ, ಬಾಯಿಯ ತುದಿಗೆ ಮರದ ತುಂಡನ್ನು ಕೂರಿಸಿ ವಿಸಲ್ ತಯಾರಿಸತೊಡಗಿದನು. ಬೆಲೆ ಬಹಳ ಕಡಿಮೆಯಾದುದರಿಂದ ಬಡವರ ಮಕ್ಕಳಿಗೂ ಇದು ಎಟುಕಿತು. ‘ಪೆನ್ನಿ ವಿಸಲ್’ ಎಂಬ ಇನ್ನೊಂದು ಹೆಸರು ಈ ಅಗ್ಗತನವನ್ನು ಸೂಚಿಸುತ್ತದೆ. ಮುಂದೆ ಸಮವ್ಯಾಸದ ಹಿತ್ತಾಳೆ ಕೊಳವೆಯ ‘ಜನರೇಷನ್’ ವಿಸಲ್‌ಗಳು ಬಂದವು. ಐರ್ಲೆಂಡಿನ ಶಾಲೆಗಳಲ್ಲಿ ಇಂದಿಗೂ ಅನೇಕ ಮಕ್ಕಳು ಮೊದಲು ಕಲಿಯುವ ವಾದ್ಯ ಟಿನ್ ವಿಸಲ್.

ವಿಸಲ್ ಕುಟುಂಬಕ್ಕೆ ತೀರ ಈಚೆಗೆ ಸೇರಿದ ‘ಲೋ ವಿಸಲ್’ ಹುಟ್ಟಿದ್ದೇ ಕೈಗೂಡದ ಒಂದು ದುರಸ್ತಿಯಿಂದ. ಐರಿಷ್ ಸಂಗೀತಗಾರ ಫಿನ್‌ಬಾರ್ ಫ್ಯೂರಿಯ ಬಳಿ ಭಾರತದ ಬಿದಿರಿನ ವಿಸಲ್ ಒಂದಿತ್ತು. ಸಂಗೀತ ಪ್ರವಾಸದಲ್ಲಿ ಅದು ಹಾಳಾದಾಗ ಅದನ್ನು ಇಂಗ್ಲೆಂಡಿನ ಬರ್ನಾರ್ಡ್ ಓವರ್‌ಟನ್ ಎಂಬ ತಯಾರಕನಿಗೆ ಒಪ್ಪಿಸಲಾಯಿತು. ಸರಿಪಡಿಸಲು ಸಾಧ್ಯವಾಗದೆ ಹೋದುದರಿಂದ ಓವರ್‌ಟನ್ ಲೋಹದಲ್ಲಿ ಅದರ ಪ್ರತಿರೂಪ ಮಾಡಲು ಯತ್ನಿಸಿದನು. ಆ ಪ್ರಯತ್ನದಿಂದ 1971ರ ಸುಮಾರಿಗೆ ಸಾಮಾನ್ಯ ವಿಸಲ್‌ಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುವ ಅಲ್ಯೂಮಿನಿಯಂ ವಿಸಲ್ ಬಳಕೆಗೆ ಬಂದಿತು.

ರಚನೆ

ಐರಿಷ್ ಕೊಳಲಿನಲ್ಲಿ ತಲೆಯ ಭಾಗ, ಕೆಲವು ವಾದ್ಯಗಳಲ್ಲಿ ಅದಕ್ಕೆ ಸೇರುವ ಗಿಡ್ಡ ಕೊಳವೆ, ಬೆರಳ ರಂಧ್ರಗಳಿರುವ ನಡುಭಾಗ ಮತ್ತು ಬುಡದ ಭಾಗ ಎಂಬ ಅಂಗಗಳಿವೆ. ತಲೆಯ ಒಳನಾಳ ಸಮವ್ಯಾಸವುಳ್ಳದ್ದು. ಅದು ಸುಮಾರು 19 ಮಿಲಿಮೀಟರ್ ಅಗಲವಿರುತ್ತದೆ. ಅಲ್ಲಿಂದ ಮುಂದೆ ಒಳನಾಳ ಬುಡದ ಕಡೆಗೆ ಶಂಕುವಿನಂತೆ ಕಿರಿದಾಗುತ್ತ ಹೋಗುತ್ತದೆ. ಕೆಳಗಿನ ಮತ್ತು ಮೇಲಿನ ಸ್ಥಾಯಿಗಳ ಸ್ವರಗಳು ಪರಸ್ಪರ ಹೊಂದಿಕೊಳ್ಳಲು ಈ ಆಕಾರ ನೆರವಾಗುತ್ತದೆ. ಮುಖರಂಧ್ರದ ಮೇಲ್ಬದಿಯಲ್ಲಿ ನಾಳವನ್ನು ಮುಚ್ಚುವ ಕಾರ್ಕ್ ಬಿರಡೆಯಿದೆ. ಮುಖರಂಧ್ರದ ನಡುವಿನಿಂದ ಅದರ ದೂರ ಸಾಮಾನ್ಯವಾಗಿ ಒಳನಾಳದ ವ್ಯಾಸದಷ್ಟೇ ಇರುತ್ತದೆ. ಈ ದೂರ ಬದಲಾದರೆ ಸ್ಥಾಯಿಗಳ ಶ್ರುತಿ ಕೆಡುತ್ತದೆ.

ಟಿನ್ ವಿಸಲ್‌ನಲ್ಲಿ ಉಸಿರು ಬಾಯಿಯ ತುದಿಯ ಕಿರಿದಾದ ಗಾಳಿದಾರಿಯ ಮೂಲಕ ಸಾಗಿ, ಎದುರಿನ ಹರಿತವಾದ ಅಂಚಿಗೆ ತಗುಲಿ ನಾದವಾಗುತ್ತದೆ. ಕೊಳಲಿನಲ್ಲಿ ತುಟಿಗಳು ಮಾಡಬೇಕಾದ ಕೆಲಸವನ್ನು ವಿಸಲ್‌ನಲ್ಲಿ ಈ ಗಾಳಿದಾರಿಯೇ ಮಾಡುತ್ತದೆ. ಆದುದರಿಂದ ವಿಸಲ್‌ನಲ್ಲಿ ಮೊದಲ ದಿನವೇ ನಾದ ಬರುತ್ತದೆ. ಕೊಳಲಿನಲ್ಲಿ ಅದಕ್ಕೆ ಅಭ್ಯಾಸ ಬೇಕು.

ಅತಿ ಹೆಚ್ಚು ಬಳಕೆಯಲ್ಲಿರುವುದು ‘ಡಿ’ ಶ್ರುತಿಯ ವಾದ್ಯಗಳು. ಆರೂ ರಂಧ್ರಗಳನ್ನು ಮುಚ್ಚಿದಾಗ ವಿಸಲ್‌ನಲ್ಲಿ ಸುಮಾರು 587 ಹರ್ಟ್ಜ್‌ನ ಡಿ ಸ್ವರವೂ ಕೊಳಲಿನಲ್ಲಿ ಅದರ ಅರ್ಧದಷ್ಟು, ಅಂದರೆ ಸುಮಾರು 294 ಹರ್ಟ್ಜ್‌ನ ಡಿ ಸ್ವರವೂ ಬರುತ್ತದೆ. ಎರಡೂ ತುದಿ ತೆರೆದ ಕೊಳವೆಯಲ್ಲಿ ಗಾಳಿಯ ಕಂಬದ ಉದ್ದ ಶಬ್ದದ ಅಲೆಯುದ್ದದ ಅರ್ಧದಷ್ಟಿರುತ್ತದೆ. ಈ ನಿಯಮದಂತೆ ಡಿ ವಿಸಲ್ ಸುಮಾರು 30 ಸೆಂಟಿಮೀಟರ್ ಉದ್ದವಿದ್ದರೆ, ಕೊಳಲಿಗೂ ಲೋ ವಿಸಲ್‌ಗೂ ಅದರ ಸುಮಾರು ಎರಡರಷ್ಟು ಉದ್ದ ಬೇಕಾಗುತ್ತದೆ.

ನುಡಿಸುವ ಕ್ರಮ

ಎಲ್ಲ ರಂಧ್ರಗಳನ್ನು ಮುಚ್ಚಿ, ಕೆಳಗಿನಿಂದ ಒಂದೊಂದೇ ಬೆರಳನ್ನು ಎತ್ತುತ್ತ ಹೋದರೆ ಡಿ ಮೇಜರ್ ಸ್ವರಶ್ರೇಣಿ ದೊರೆಯುತ್ತದೆ. ಸ್ವಲ್ಪ ರಭಸದಿಂದ ಊದಿದರೆ ಅದೇ ಬೆರಳುಗಳಿಗೆ ಮೇಲಿನ ಸ್ಥಾಯಿ ಬರುತ್ತದೆ. ಮೇಲಿನ ಮೊದಲ ರಂಧ್ರವನ್ನು ತೆರೆದು ಅದರ ಕೆಳಗಿನ ಎರಡನ್ನು ಮುಚ್ಚಿದರೆ ‘ಸಿ’ಯ ಕೋಮಲ ರೂಪ ಸಿಗುತ್ತದೆ. ಹೀಗೆ ಡಿ ಮತ್ತು ಜಿ ಶ್ರೇಣಿಗಳನ್ನೂ ಅವುಗಳಿಗೆ ಸಂಬಂಧಿಸಿದ ಇತರ ಶ್ರೇಣಿಗಳನ್ನೂ ಕೀಗಳ ನೆರವಿಲ್ಲದೆ ನುಡಿಸಬಹುದು. ಐರಿಷ್ ಧಾಟಿಗಳಲ್ಲಿ ಹೆಚ್ಚಿನವು ಈ ಶ್ರೇಣಿಗಳಲ್ಲೇ ಇರುವುದರಿಂದ ಅನೇಕ ವಾದಕರು ಕೀ ಇಲ್ಲದ ಕೊಳಲನ್ನೇ ಬಳಸುತ್ತಾರೆ. ಕರ್ನಾಟಕ ಸಂಗೀತದ ಕೊಳಲನ್ನು ಬಲ್ಲವರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕರ್ನಾಟಕ ಪದ್ಧತಿಯಲ್ಲಿ ಮೇಲಿನ ಎರಡು ರಂಧ್ರಗಳನ್ನು ಮುಚ್ಚಿದಾಗ ಷಡ್ಜ ಬರುತ್ತದೆ; ಐರಿಷ್ ಪದ್ಧತಿಯಲ್ಲಿ ವಾದ್ಯದ ಶ್ರುತಿಯನ್ನು ಹೆಸರಿಸುವುದು ಎಲ್ಲ ರಂಧ್ರಗಳನ್ನು ಮುಚ್ಚಿದಾಗ ಬರುವ ಸ್ವರದಿಂದ.

ಈ ಸಂಗೀತ ಬಹುಮಟ್ಟಿಗೆ ನೃತ್ಯಕ್ಕಾಗಿ ಬೆಳೆದದ್ದು. ನಾಲ್ಕರ ಎಣಿಕೆಯ ರೀಲ್, ಮೂರರ ಗುಂಪುಗಳಲ್ಲಿ ಸಾಗುವ ಜಿಗ್, ಹಾರ್ನ್‌ಪೈಪ್, ಪೋಲ್ಕಾ ಇವು ಮುಖ್ಯ ಪ್ರಕಾರಗಳು. ತಾಳದ ಕಟ್ಟಿಲ್ಲದೆ ನಿಧಾನವಾಗಿ ನುಡಿಸುವ ‘ಏರ್’ಗಳೂ ಇವೆ. ಸಾಮಾನ್ಯವಾಗಿ ಒಂದು ಧಾಟಿಯಲ್ಲಿ ಎಂಟೆಂಟು ಆವರ್ತಗಳ ಎರಡು ಭಾಗಗಳಿದ್ದು, ಪ್ರತಿ ಭಾಗವನ್ನೂ ಎರಡು ಸಲ ನುಡಿಸುತ್ತಾರೆ.

ಅಲಂಕಾರಗಳು ಬೆರಳಿನ ಚಲನೆಯಿಂದಲೇ ಹುಟ್ಟುತ್ತವೆ. ಸ್ವರದ ಆರಂಭದಲ್ಲಿ ಮೇಲಿನ ಬೆರಳೊಂದನ್ನು ಕ್ಷಣಮಾತ್ರ ಎತ್ತಿ ಇಳಿಸುವುದು ‘ಕಟ್’. ತೆರೆದ ರಂಧ್ರವನ್ನು ಬೆರಳಿನಿಂದ ಕ್ಷಣಮಾತ್ರ ತಟ್ಟುವುದು ‘ಟ್ಯಾಪ್’. ಒಂದೇ ಸ್ವರವನ್ನು ಹಿಡಿದು, ನಡುವೆ ಒಂದು ಕಟ್ ಮತ್ತು ಒಂದು ಟ್ಯಾಪ್ ಸೇರಿಸಿ ಅದನ್ನು ಮೂರು ಮಿಡಿತಗಳಾಗಿ ಒಡೆಯುವುದು ‘ರೋಲ್’. ಅತಿ ಕೆಳಗಿನ ಡಿ ಸ್ವರದಲ್ಲಿ ತಟ್ಟಲು ಬೇರೆ ರಂಧ್ರ ಉಳಿದಿರುವುದಿಲ್ಲ. ಅಲ್ಲಿ ಬೇರೆ ಬೇರೆ ಬೆರಳುಗಳಿಂದ ಕಟ್‌ಗಳನ್ನು ಒಂದರ ಹಿಂದೊಂದು ಮಾಡುವ ‘ಕ್ರ್ಯಾನ್’ ಬಳಕೆಯಲ್ಲಿದೆ. ಇದು ಐರ್ಲೆಂಡಿನ ಚರ್ಮಚೀಲದ ವಾದ್ಯವಾದ ಇಲ್ಲನ್ ಪೈಪ್‌ನ ಪರಂಪರೆಯಿಂದ ಬಂದದ್ದು. ಬೆರಳನ್ನು ನಿಧಾನವಾಗಿ ಸರಿಸಿ ಸ್ವರವನ್ನು ಏರಿಸುವ ‘ಸ್ಲೈಡ್’ ಕೂಡ ಇದೆ. ಬೆರಳಿಗೂ ರಂಧ್ರಕ್ಕೂ ನಡುವೆ ಏನೂ ಅಡ್ಡವಿಲ್ಲದಿರುವುದು ಇವೆಲ್ಲಕ್ಕೂ ಅನುಕೂಲ. ಮುಚ್ಚಳಗಳ ಬೋಮ್ ಕೊಳಲಿನಲ್ಲಿ ಇದೇ ಪರಿಣಾಮ ತರುವುದು ಕಷ್ಟ. ವಾದ್ಯವೃಂದಕ್ಕೆ ಹಳೆಯದಾದ ಕೊಳಲು ಈ ಸಂಗೀತದಲ್ಲಿ ಉಳಿದುಬರಲು ಅಗ್ಗದ ಬೆಲೆಯ ಜೊತೆಗೆ ಇದೂ ಒಂದು ಕಾರಣ.

ಧಾಟಿಯ ನಡುವೆ ವಿರಾಮದ ಜಾಗ ಇಲ್ಲದಿರುವುದರಿಂದ ವಾದಕರು ಒಂದು ಸ್ವರವನ್ನು ಬಿಟ್ಟು ಅಲ್ಲಿ ಉಸಿರೆಳೆದುಕೊಳ್ಳುತ್ತಾರೆ. ಯಾವ ಸ್ವರವನ್ನು ಬಿಡಬೇಕು ಎಂಬ ಆಯ್ಕೆ ಶೈಲಿಯ ಒಂದು ಭಾಗ. ಲೀಟ್ರಿಮ್‌ನ ಜಾನ್ ಮೆಕೆನ್ನಾ (1880–1947) ಅಮೆರಿಕಕ್ಕೆ ವಲಸೆ ಹೋಗಿ, 1920 ಮತ್ತು 1930ರ ದಶಕಗಳಲ್ಲಿ ಧ್ವನಿಮುದ್ರಣ ಮಾಡಿದನು. ಅವನ ವಾದನದಲ್ಲಿ ಉಸಿರಿನ ಒತ್ತು ಲಯದ ಅಂಗವಾಗಿಯೇ ಕೇಳಿಬರುತ್ತದೆ. ಈಚಿನ ಪೀಳಿಗೆಗಳ ಮೇಲೆ ಅಪಾರ ಪ್ರಭಾವ ಬೀರಿದವರಲ್ಲಿ ಬಾತಿ ಬ್ಯಾಂಡ್ ಮತ್ತು ಚೀಫ್‌ಟನ್ಸ್ ತಂಡಗಳ ಕೊಳಲುವಾದಕ ಮ್ಯಾಟ್ ಮಲಾಯ್ ಪ್ರಮುಖರು. ವಿಸಲ್ ವಾದನದಲ್ಲಿ ಕ್ಲೇರ್ ಪ್ರದೇಶದ ಮಿಕೊ ರಸೆಲ್ (1915–1994) ಸರಳ ಶೈಲಿಗೂ, ಮೇರಿ ಬರ್ಗಿನ್ ಚುರುಕಾದ ಅಲಂಕೃತ ಶೈಲಿಗೂ ಹೆಸರಾಗಿದ್ದಾರೆ.

ತಯಾರಿಕೆ

1951ರಲ್ಲಿ ಸ್ಥಾಪನೆಯಾದ ಕೋಲ್ತಸ್ ಕ್ಯೋಲ್ತೋರಿ ಏರನ್ ಸಂಸ್ಥೆಯ ಕೆಲಸದಿಂದಲೂ 1960 ಮತ್ತು 1970ರ ದಶಕಗಳ ಜಾನಪದ ಸಂಗೀತದ ಪುನರುಜ್ಜೀವನದಿಂದಲೂ ಕೊಳಲು ಕಲಿಯುವವರು ಹೆಚ್ಚಿದರು. ಹಳೆಯ ಒಳ್ಳೆಯ ಕೊಳಲುಗಳು ಸಾಲದಾದವು. ಆಗ ಹಳೆಯವುಗಳ ಒಳನಾಳವನ್ನು ಅಳೆದು ಹೊಸದನ್ನು ಮಾಡುವ ತಯಾರಕರು ಐರ್ಲೆಂಡ್, ಇಂಗ್ಲೆಂಡ್, ಅಮೆರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಕಾಣಿಸಿಕೊಂಡರು. ಹಳೆಯ ಅಳತೆಗಳನ್ನು ಹಾಗೆಯೇ ನಕಲು ಮಾಡಿದರೆ ಸಾಲುತ್ತಿರಲಿಲ್ಲ. 19ನೆಯ ಶತಮಾನದಲ್ಲಿ ಶ್ರುತಿಯ ಮಾನ ಊರಿಂದೂರಿಗೆ ಬೇರೆಯಾಗಿತ್ತು. ಇಂದಿನ ಮಾನದಲ್ಲಿ ‘ಎ’ ಸ್ವರ 440 ಹರ್ಟ್ಜ್. ಆದ್ದರಿಂದ ತಯಾರಕರು ರಂಧ್ರಗಳ ಸ್ಥಾನವನ್ನೂ ಗಾತ್ರವನ್ನೂ ಹೊಂದಿಸಿಕೊಳ್ಳಬೇಕಾಯಿತು.

ಕೊಳಲಿನ ತಯಾರಿಕೆ ಮರವನ್ನು ಒಣಗಿಸುವುದರಿಂದ ಆರಂಭವಾಗುತ್ತದೆ. ಚೆನ್ನಾಗಿ ಒಣಗಿದ ಮರದ ತುಂಡನ್ನು ಲೇತ್‌ನಲ್ಲಿ ಒರಟಾಗಿ ಕಡೆದು, ಉದ್ದಕ್ಕೂ ಸಣ್ಣ ರಂಧ್ರ ಕೊರೆದು, ಮತ್ತೆ ಕೆಲಕಾಲ ಹಾಗೆಯೇ ಇಡಲಾಗುತ್ತದೆ. ಕೊರೆದ ಮರದಲ್ಲಿ ಒಳಗಿನ ಬಿಗಿ ಸಡಿಲವಾಗಿ ಆಕಾರ ತುಸು ಬದಲಾಗುವುದರಿಂದ ಈ ವಿರಾಮ ಅಗತ್ಯ. ಅನಂತರ ಶಂಕುವಿನಾಕಾರದ ರೀಮರ್ ಎಂಬ ಉಪಕರಣದಿಂದ ಒಳನಾಳವನ್ನು ಸ್ವಲ್ಪ ಸ್ವಲ್ಪವಾಗಿ ಕೆರೆದು ಅಗಲಿಸುತ್ತಾರೆ. ಹೊರಮೈಯನ್ನು ನಯಗೊಳಿಸಿ, ಭಾಗಗಳು ಒಂದರೊಳಗೊಂದು ಸೇರುವ ತುದಿಗಳಿಗೆ ಕಾರ್ಕ್ ಅಂಟಿಸುತ್ತಾರೆ ಅಥವಾ ಮೇಣ ಸವರಿದ ದಾರ ಸುತ್ತುತ್ತಾರೆ.

ಕೊನೆಯ ಹಂತ ಮುಖರಂಧ್ರ ಮತ್ತು ಬೆರಳ ರಂಧ್ರಗಳ ಕೆತ್ತನೆ. ರಂಧ್ರದ ಒಳಭಾಗವನ್ನು ಮೇಲ್ಭಾಗಕ್ಕಿಂತ ಅಗಲವಾಗಿ ಕೆರೆಯುವುದರಿಂದ ಶ್ರುತಿ ಮತ್ತು ನಾದ ಎರಡನ್ನೂ ತಿದ್ದಬಹುದು. ಮುಖರಂಧ್ರದ ಅಂಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ನಾದದ ಗುಣ ಬದಲಾಗುತ್ತದೆ. ಆದುದರಿಂದ ತಯಾರಕರು ಕೆರೆಯುತ್ತ, ನುಡಿಸಿ ನೋಡುತ್ತ ಮುಂದುವರಿಯುತ್ತಾರೆ. ಹೆಚ್ಚಾಗಿ ಕೆರೆದುಹೋದ ಮರವನ್ನು ಹಿಂದಕ್ಕೆ ತರಲಾಗದು.

ವಿಸಲ್‌ನ ಕೊಳವೆಯನ್ನು ಆಸಕ್ತರು ಮನೆಯಲ್ಲೇ ಮಾಡಿಕೊಳ್ಳುವುದುಂಟು. ಇದಕ್ಕೆ ಹಿತ್ತಾಳೆ, ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಪೈಪನ್ನು ಬಳಸುತ್ತಾರೆ. ಮೊದಲು ರಂಧ್ರಗಳಿಲ್ಲದ ಕೊಳವೆಯನ್ನು ತುಸು ಉದ್ದವಾಗಿಯೇ ಕತ್ತರಿಸಿ, ಬೇಕಾದ ಕೆಳಗಿನ ಸ್ವರ ಬರುವವರೆಗೆ ತುದಿಯನ್ನು ಅರದಿಂದ ಉಜ್ಜಬೇಕು. ಆಮೇಲೆ ಕೆಳಗಿನ ರಂಧ್ರದಿಂದ ಆರಂಭಿಸಿ ಪ್ರತಿಯೊಂದನ್ನೂ ಚಿಕ್ಕದಾಗಿ ಕೊರೆದು, ಸ್ವರ ಸರಿಹೋಗುವವರೆಗೆ ಹಿಗ್ಗಿಸಬೇಕು. ರಂಧ್ರ ದೊಡ್ಡದಾದಷ್ಟೂ, ಬಾಯಿಯ ತುದಿಗೆ ಹತ್ತಿರವಾದಷ್ಟೂ ಸ್ವರ ಏರುತ್ತದೆ ಎಂಬುದು ಇಲ್ಲಿನ ಮೂಲ ನಿಯಮ. ಶ್ರುತಿ ನೋಡುವ ಮುನ್ನ ವಾದ್ಯವನ್ನು ಊದಿ ಬೆಚ್ಚಗಾಗಿಸಿಕೊಳ್ಳಬೇಕು. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಅದರೊಡನೆ ಸ್ವರವೂ ಏರುತ್ತದೆ.

ದುರಸ್ತಿ

ಹಳೆಯ ಕೊಳಲುಗಳಲ್ಲಿ ಅತಿ ಸಾಮಾನ್ಯವಾದ ದೋಷ ತಲೆಯ ಭಾಗದ ಬಿರುಕು. ಶ್ರುತಿ ಹೊಂದಿಸಲು ಅನುಕೂಲವಾಗಲೆಂದು ಅನೇಕ ಕೊಳಲುಗಳ ತಲೆಯೊಳಗೆ ಲೋಹದ ಕೊಳವೆಯನ್ನು ಕೂರಿಸಲಾಗಿದೆ. ಒಣಹವೆಯಲ್ಲಿ ಮರ ಕುಗ್ಗುತ್ತದೆ. ಲೋಹ ಹಾಗೆ ಕುಗ್ಗುವುದಿಲ್ಲ. ಕುಗ್ಗಲು ಎಡೆಯಿಲ್ಲದ ಮರ ಉದ್ದಕ್ಕೆ ಸೀಳುತ್ತದೆ. ತೇವದ ಹವೆಯಲ್ಲಿ ತಯಾರಾದ ಕೊಳಲನ್ನು ಚಳಿಗಾಲದಲ್ಲಿ ಒಲೆ ಅಥವಾ ಹೀಟರಿನಿಂದ ಒಣಗಿದ ಕೋಣೆಯಲ್ಲಿ ಇಟ್ಟಾಗ ಈ ಅಪಾಯ ಹೆಚ್ಚು.

ಬಿರುಕನ್ನು ಕೇವಲ ತುಂಬಿದರೆ ಕಾರಣ ಹಾಗೆಯೇ ಉಳಿಯುತ್ತದೆ. ಒಣಗಿದ ಸ್ಥಿತಿಯಲ್ಲಿ ತುಂಬಿದ ಬಿರುಕು, ಮರ ಮತ್ತೆ ತೇವ ಹೀರಿ ಹಿಗ್ಗಿದಾಗ ಹೊಸ ಒತ್ತಡಕ್ಕೂ ಕಾರಣವಾಗಬಹುದು. ಅದಕ್ಕಾಗಿ ಅನುಭವಿಗಳು ಮೊದಲು ಕೊಳಲನ್ನು ನಿಧಾನವಾಗಿ ಸಹಜ ತೇವಾಂಶಕ್ಕೆ ತರುತ್ತಾರೆ. ಅಗತ್ಯವಿದ್ದಲ್ಲಿ ಲೋಹದ ಕೊಳವೆಯನ್ನು ಹೊರತೆಗೆದು, ಮರದ ಒಳಭಾಗವನ್ನು ತುಸು ಅಗಲಿಸಿ, ಕುಗ್ಗಲು ಎಡೆ ಮಾಡಿಕೊಡುತ್ತಾರೆ. ಅನಂತರ ಸಣ್ಣ ಬಿರುಕಿಗೆ ಅದೇ ಜಾತಿಯ ಮರದ ಪುಡಿ ಮತ್ತು ತೀವ್ರವಾಗಿ ಅಂಟುವ ಗೋಂದನ್ನು ತುಂಬುತ್ತಾರೆ. ಅಗಲವಾದ ಬಿರುಕಿಗೆ ಮರದ ತೆಳುಪಟ್ಟಿಯನ್ನು ಸೇರಿಸುತ್ತಾರೆ. ಮತ್ತೆ ತೆರೆದುಕೊಳ್ಳದಂತೆ ಬಿರುಕಿಗೆ ಅಡ್ಡಲಾಗಿ ತಿರುಪಿನ ಉಕ್ಕಿನ ಕಡ್ಡಿಗಳನ್ನು ಹೂಳುವುದೂ ಹೊರಗಿನಿಂದ ಉಂಗುರ ಹಾಕುವುದೂ ಉಂಟು.

ಎರಡನೆಯ ಸಾಮಾನ್ಯ ದೋಷ ಗಾಳಿಯ ಸೋರಿಕೆ. ಕೆಳಗಿನ ಡಿ ಸ್ವರ ದುರ್ಬಲವಾಗಿ ಕೇಳಿದರೆ ವಾದಕರು ತಮ್ಮ ಉಸಿರನ್ನೇ ದೂರುವುದು ಸಹಜ. ಅನೇಕ ಸಲ ದೋಷ ವಾದ್ಯದಲ್ಲಿರುತ್ತದೆ. ಪರೀಕ್ಷೆ ಸುಲಭ: ನಡುಭಾಗದ ಒಂದು ತುದಿಯನ್ನು ಮುಚ್ಚಿ, ಎಲ್ಲ ರಂಧ್ರಗಳ ಮೇಲೆ ಬೆರಳಿಟ್ಟು, ಇನ್ನೊಂದು ತುದಿಯಿಂದ ಗಾಳಿಯನ್ನು ಹೀರಬೇಕು. ಹೀರಿದ ಬಿಗಿ ಕೆಲವು ಕ್ಷಣ ನಿಂತರೆ ಸೋರಿಕೆಯಿಲ್ಲ. ನಿಲ್ಲದಿದ್ದರೆ ಕೀಗಳ ಕೆಳಗಿನ ಪ್ಯಾಡ್ ಸವೆದಿರಬಹುದು, ಸ್ಪ್ರಿಂಗ್ ಸಡಿಲವಾಗಿರಬಹುದು ಅಥವಾ ಕಣ್ಣಿಗೆ ಕಾಣದ ಬಿರುಕಿರಬಹುದು. ತಲೆಯ ಭಾಗವನ್ನೂ ಮುಖರಂಧ್ರ ಮುಚ್ಚಿ ಹೀಗೆಯೇ ಪರೀಕ್ಷಿಸಬೇಕು. ಒಣಗಿ ಕುಗ್ಗಿದ ಕಾರ್ಕ್ ಬಿರಡೆಯೂ ಸೋರುತ್ತದೆ. ಸೇರುವ ತುದಿಗಳು ಸಡಿಲವಾದಾಗ ದಾರವನ್ನು ಮೇಲಿಂದ ಮೇಲೆ ಬಿಗಿಯಾಗಿ ಸುತ್ತುತ್ತ ಹೋಗುವುದು ಒಳ್ಳೆಯದಲ್ಲ. ಅಂಥ ದಾರ ಕಾಲಕ್ರಮೇಣ ಮರವನ್ನು ಅದುಮಿ ಒಳನಾಳವನ್ನು ಕಿರಿದಾಗಿಸಬಲ್ಲದು.

ವಿಸಲ್‌ನ ದುರಸ್ತಿ ಸರಳ. ಪ್ಲಾಸ್ಟಿಕ್ ತಲೆಯ ವಿಸಲ್‌ಗಳಲ್ಲಿ ಅಚ್ಚಿನಿಂದ ಉಳಿದ ಎಳೆಗಳು ಗಾಳಿದಾರಿಯಲ್ಲೋ ಅಂಚಿನಲ್ಲೋ ಇದ್ದರೆ ಸ್ವರ ಕರ್ಕಶವಾಗುತ್ತದೆ. ಅವುಗಳನ್ನು ಹರಿತವಾದ ಚಾಕುವಿನಿಂದ ಜಾಗ್ರತೆಯಾಗಿ ತೆಗೆಯಬಹುದು. ಗಾಳಿದಾರಿಯ ಕೆಳಗಿರುವ ಟೊಳ್ಳನ್ನು ಮೇಣ ಅಥವಾ ಕಾಗದ ಅಂಟಿಸುವ ಮೆದು ಅಂಟಿನಿಂದ ತುಂಬಿದರೆ ಮೇಲಿನ ಸ್ಥಾಯಿ ಸ್ಥಿರವಾಗುತ್ತದೆ. ತಲೆ ಅಂಟಿಕೊಂಡಿದ್ದು ಶ್ರುತಿ ಹೊಂದಿಸಲಾಗದಿದ್ದರೆ ಅದನ್ನು ಬಿಸಿನೀರಿನಲ್ಲಿ ಅದ್ದಿ ಮೆಲ್ಲನೆ ತಿರುಗಿಸಿ ಸಡಿಲಿಸುತ್ತಾರೆ. ಉಸಿರಿನ ತೇವ ಗಾಳಿದಾರಿಯಲ್ಲಿ ಹನಿಗಟ್ಟಿ ಸ್ವರ ನಿಂತುಹೋಗುವ ತೊಂದರೆಗೆ ಪಾತ್ರೆ ತೊಳೆಯುವ ಸಾಬೂನಿನ ನೀರು ಪರಿಹಾರ. ಅದನ್ನು ಒಂದು ಹನಿ ಹಾಯಿಸಿ ಒಣಗಲು ಬಿಟ್ಟರೆ ತೇವ ಹನಿಯಾಗಿ ನಿಲ್ಲದೆ ಹರಡಿಕೊಳ್ಳುತ್ತದೆ.

ಮೂಲಸ್ಥಿತಿಯ ಪ್ರಶ್ನೆ

ಹಳೆಯ ಕೊಳಲು ಏಕಕಾಲದಲ್ಲಿ ನುಡಿಸುವ ವಾದ್ಯವೂ ಹೌದು, ಇತಿಹಾಸದ ದಾಖಲೆಯೂ ಹೌದು. ಶ್ರುತಿ ಸರಿಹೊಂದದ ಕೊಳಲಿನ ರಂಧ್ರಗಳನ್ನು ಹಿಗ್ಗಿಸಿದರೆ ಇಂದಿನ ವಾದಕರಿಗೆ ಅನುಕೂಲ. ಆದರೆ ಮೂಲ ತಯಾರಕರ ಅಳತೆ ಅಲ್ಲಿಗೆ ಅಳಿದುಹೋಗುತ್ತದೆ. ಹಿಂದೆ ಹೀಗೆ ತಿದ್ದಿದ ಕೊಳಲುಗಳು ಇಂದು ಅಳತೆಯ ಆಧಾರವಾಗಿ ಉಪಯೋಗಕ್ಕೆ ಬರುವುದಿಲ್ಲ. ಈ ಕಾರಣದಿಂದ ಜವಾಬ್ದಾರಿಯುಳ್ಳ ದುರಸ್ತಿಗಾರರು ಮರಳಿ ತೆಗೆಯಬಹುದಾದ ವಿಧಾನವನ್ನೇ ಮೊದಲು ಆರಿಸುತ್ತಾರೆ. ರಂಧ್ರ ಹಿಗ್ಗಿಸುವ ಬದಲು ಮೇಣದಿಂದ ಕಿರಿದಾಗಿಸುವುದು, ಮೂಲ ತಲೆಯನ್ನು ತೆಗೆದಿರಿಸಿ ಹೊಸ ತಲೆಯೊಂದನ್ನು ಮಾಡಿಸುವುದು ಇದಕ್ಕೆ ಉದಾಹರಣೆಗಳು.

ಮರ ಮತ್ತು ಕಾನೂನು

19ನೆಯ ಶತಮಾನದ ಕೊಳಲುಗಳಿಗೆ ಕೆರಿಬಿಯನ್ ದ್ವೀಪಗಳ ಕೋಕಸ್ ಮರ ಅಚ್ಚುಮೆಚ್ಚಿನದಾಗಿತ್ತು. ಮಿತಿಮೀರಿದ ಕಡಿತದಿಂದ ಅದು ದುರ್ಲಭವಾಯಿತು. ಇಂದು ಆಫ್ರಿಕದ ಕರಿಮರ ಅದರ ಸ್ಥಾನದಲ್ಲಿದೆ. ಬಾಕ್ಸ್‌ವುಡ್ ಎಂಬ ಹಳದಿ ಮರದ ಬಳಕೆಯೂ ಇದೆ. ಅದು ತೇವಕ್ಕೆ ಬಾಗುವ ಸ್ವಭಾವದ್ದು.

ಆಫ್ರಿಕದ ಕರಿಮರ, ಕರ್ನಾಟಕದ ಮಲೆನಾಡಿನಲ್ಲಿ ಬೆಳೆಯುವ ಬೀಟೆ ಮರದ ಕುಲಕ್ಕೇ ಸೇರಿದೆ. ಎರಡೂ ‘ಡಾಲ್ಬರ್ಜಿಯಾ’ ಕುಲದವು. ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದ 2017ರ ಜನವರಿಯಿಂದ ಇಡೀ ಡಾಲ್ಬರ್ಜಿಯಾ ಕುಲವನ್ನು ತನ್ನ ಪಟ್ಟಿಗಳ ವ್ಯಾಪ್ತಿಗೆ ತಂದಿತು. ಇದರಿಂದ ಒಂದು ಕೊಳಲನ್ನು ಹೊರದೇಶಕ್ಕೆ ಮಾರಲೂ ಅನುಮತಿ ಪತ್ರ ಬೇಕಾಗಿ ಸಣ್ಣ ತಯಾರಕರು ತೊಂದರೆಗೊಳಗಾದರು. 2019ರಲ್ಲಿ ನಿಯಮವನ್ನು ಸಡಿಲಿಸಿ, ಈ ಪಟ್ಟಿಯ ಕರಿಮರ ಮತ್ತು ಬೀಟೆಯಂಥ ಮರಗಳಿಂದ ಮಾಡಿದ ಸಿದ್ಧ ಸಂಗೀತವಾದ್ಯಗಳಿಗೆ ವಿನಾಯಿತಿ ನೀಡಲಾಯಿತು. ದಂತದ ತಲೆಯಿರುವ ಹಳೆಯ ಕೊಳಲುಗಳ ಸಾಗಣೆಗೆ ಇದಕ್ಕಿಂತ ಕಠಿಣವಾದ ನಿರ್ಬಂಧಗಳಿವೆ.

ಮರಕ್ಕೆ ಬದಲಾಗಿ ‘ಡೆಲ್ರಿನ್’ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲೂ ಕೊಳಲುಗಳು ತಯಾರಾಗುತ್ತವೆ. ಅವು ಹವೆಯ ಬದಲಾವಣೆಗೆ ಬಿರಿಯುವುದಿಲ್ಲ, ಎಣ್ಣೆ ಬೇಡುವುದಿಲ್ಲ, ಬೆಲೆಯೂ ಕಡಿಮೆ. ಕಲಿಯುವವರಿಗೂ ಪ್ರವಾಸ ಮಾಡುವ ವಾದಕರಿಗೂ ಅವು ಅನುಕೂಲವಾಗಿವೆ.

ನಿತ್ಯದ ಆರೈಕೆ

ನುಡಿಸಿದ ಕೂಡಲೇ ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಒಳನಾಳದ ತೇವವನ್ನು ಒರೆಸಬೇಕು. ಹೊಸ ಮರದ ಕೊಳಲನ್ನು ಮೊದಲ ವಾರಗಳಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ನುಡಿಸಿ, ಕ್ರಮೇಣ ಅವಧಿಯನ್ನು ಹೆಚ್ಚಿಸಬೇಕು. ಆಗಾಗ ಬಾದಾಮಿ ಎಣ್ಣೆಯನ್ನು ತೆಳುವಾಗಿ ಸವರುವುದು ರೂಢಿ. ಕೀಗಳ ಪ್ಯಾಡಿಗೆ ಎಣ್ಣೆ ತಗುಲಬಾರದು. ಕೊಳಲನ್ನು ಬಿಸಿಲಿನಲ್ಲಾಗಲಿ ಮುಚ್ಚಿದ ವಾಹನದಲ್ಲಾಗಲಿ ಬಿಡಬಾರದು. ಬಹುಕಾಲ ಬಳಸದೆ ಇಡುವಾಗ ಭಾಗಗಳನ್ನು ಬಿಡಿಸಿ, ಹೆಚ್ಚು ಒಣಗದ ಜಾಗದಲ್ಲಿ ಇಡುವುದು ಕ್ಷೇಮ. ಹಲವು ವರ್ಷ ಮೌನವಾಗಿದ್ದ ಹಳೆಯ ಕೊಳಲು ದೊರೆತಾಗ ಅದನ್ನು ಒಮ್ಮೆಗೇ ಬಹಳ ಹೊತ್ತು ನುಡಿಸದೆ, ಹೊಸ ಕೊಳಲಿನಂತೆಯೇ ನಿಧಾನವಾಗಿ ಅಭ್ಯಾಸಕ್ಕೆ ತರಬೇಕು.